ವಾಸಾ ಪರೀಕ್ಷೆಯನ್ನು ನಿಲ್ಲಿಸಿದ ಅಡ್ಮಿರಲ್ ಮುಂದೇನಾದ?

ಪ್ರಶ್ನೆ: ಮಗಳ ಮನೆಗೆಂದು ಸ್ಟಾಕ್‌ಹೋಮಿಗೆ ಹೋಗಿದ್ದಾಗ ವಾಸಾ ಹಡಗಿನ ಮ್ಯೂಸಿಯಂ ನೋಡಿದೆ. ಹಡಗು ವಾಲುತ್ತದೆಂದು ಮೊದಲೇ ಪರೀಕ್ಷೆಯಲ್ಲಿ ಗೊತ್ತಾಗಿತ್ತಂತೆ. ಆದರೆ ಅಡ್ಮಿರಲ್ ಒಬ್ಬ ಪರೀಕ್ಷೆಯನ್ನೇ ನಿಲ್ಲಿಸಿಬಿಟ್ಟ ಎಂದರು ಗೈಡ್. ಆತ ಯಾರು? ಅವನಿಗೆ ಶಿಕ್ಷೆಯಾಯಿತೆ? ಮುಂದೆ ಏನಾದ?
– ಓದುಗರೊಬ್ಬರು, ಶಿರಸಿ

ಉತ್ತರ: ಆತನ ಹೆಸರು ಕ್ಲಾಸ್ ಲಾರ್ಸನ್ ಫ್ಲೆಮಿಂಗ್. ಹುಟ್ಟಿದ್ದು 1592ರಲ್ಲಿ, ಇಂದಿನ ಫಿನ್‌ಲ್ಯಾಂಡಿನಲ್ಲಿ. ಆಗ ಫಿನ್‌ಲ್ಯಾಂಡ್ ಸ್ವೀಡನ್ ರಾಜ್ಯದ್ದೇ ಭಾಗವಾಗಿತ್ತು, ಫ್ಲೆಮಿಂಗ್ ಮನೆತನ ಅಲ್ಲಿನ ಹಳೆಯ ಜಮೀನ್ದಾರಿ ಕುಲ. ಶಿಕ್ಷೆಯ ವಿಷಯ ಒಂದೇ ಮಾತಿನಲ್ಲಿ ಹೇಳಬಹುದು: ಆಗಲಿಲ್ಲ. ಅವನಿಗಷ್ಟೇ ಅಲ್ಲ, ಯಾರಿಗೂ ಆಗಲಿಲ್ಲ.

ನಿಮ್ಮ ಗೈಡ್ ಹೇಳಿದ್ದು ಸರಿಯೇ, ಆದರೆ ಅರ್ಧ ಮಾತ್ರ. 1628ರ ಬೇಸಗೆಯಲ್ಲಿ ವಾಸಾ ಸಿದ್ಧವಾಗಿ ನಿಂತಿದ್ದಾಗ ನಾವಿಕರ ಮೇಲ್ವಿಚಾರಕ (ಬೋಟ್ಸ್‌ಮನ್) ಯೋರಾನ್ ಮಾಟ್ಸೊನ್ 30 ಜನರನ್ನು ಡೆಕ್ ಮೇಲೆ ಸಾಲಾಗಿ ನಿಲ್ಲಿಸಿ, ಈ ಅಂಚಿನಿಂದ ಆ ಅಂಚಿಗೆ ಒಟ್ಟಿಗೆ ಓಡಿಸಿದ. ಮೂರು ಸುತ್ತಿಗೇ ಹಡಗು ಎಷ್ಟು ಹೊಯ್ದಾಡಿತೆಂದರೆ ಫ್ಲೆಮಿಂಗ್ ಸಾಕು ಎಂದ. ಹಡಗಿನ ತಳ ಕಿರಿದಾಯಿತು, ಹೊಟ್ಟೆ ಸಾಲದು ಎಂದು ಮಾಟ್ಸೊನ್ ಆಡಿಕೊಂಡಾಗ, ಕಟ್ಟಿದವನು ಇದೇ ಮೊದಲು ಹಡಗು ಕಟ್ಟುತ್ತಿಲ್ಲ, ನೀನು ಚಿಂತಿಸಬೇಡ ಎಂಬರ್ಥದ ಉತ್ತರ ಫ್ಲೆಮಿಂಗ್‌ನಿಂದ ಬಂತು. ದೊರೆ ಊರಲ್ಲಿದ್ದಿದ್ದರೆ ಎಂದೂ ಅವನು ಹಲುಬಿದನೆಂದು ವಿಚಾರಣೆಯ ದಾಖಲೆ ಹೇಳುತ್ತದೆ. ನನಗೆ ಮುಖ್ಯವಾಗಿ ಕಾಣುವುದು ಈ ಹಲುಬು. ಚಿಂತಿಸಬೇಡ ಎಂದವನಿಗೇ ಚಿಂತೆ ಇತ್ತು.

ದೊರೆ ಗುಸ್ತಾವ್ ಅಡಾಲ್ಫ್ ಆಗ ಪೋಲೆಂಡಿನ ವಿರುದ್ಧದ ಯುದ್ಧದಲ್ಲಿ ಪ್ರಷ್ಯಾದಲ್ಲಿದ್ದ. ಹಡಗು ಬೇಗ ಬೇಕೆಂದು ಅಲ್ಲಿಂದಲೇ ಅವಸರಿಸುತ್ತಿದ್ದ. ಅವನ ಅವಸರಕ್ಕೂ ಕಾರಣವಿತ್ತು: 1625ರಲ್ಲಿ ರೀಗಾ ಕೊಲ್ಲಿಯ ಬಿರುಗಾಳಿಗೆ ಹತ್ತು ಹಡಗು ಹೋಗಿದ್ದವು, 1627ರಲ್ಲಿ ಓಲಿವಾ ಕಾಳಗದಲ್ಲಿ ಇನ್ನೆರಡು. ವಾಸಾದ ಅಳತೆಗಳಿಗೆ ಒಪ್ಪಿಗೆ ಕೊಟ್ಟವನೂ ಅವನೇ. ಕಟ್ಟಿದ ಮೇಸ್ತ್ರಿ ಹೆನ್ರಿಕ್ ಹೀಬರ್ಟ್ಸನ್ 1627ರಲ್ಲೇ ತೀರಿಕೊಂಡಿದ್ದ. ದೊರೆ ದೂರದಲ್ಲಿ, ಮೇಸ್ತ್ರಿ ಮಣ್ಣಿನಲ್ಲಿ, 64 ತೋಪು ಹೇರಿಕೊಂಡ ಹಡಗು ಕಣ್ಣೆದುರಿಗೆ! ಹುಲ್ಲನ್ನು ತೀರಾ ಎತ್ತರಕ್ಕೆ ಪೇರಿಸಿದ ಗಾಡಿ ತಿರುವಿನಲ್ಲಿ ಏನಾಗುತ್ತದೆಂದು ನಮ್ಮ ಗಾಡಿ ಹೊಡೆಯುವವರಿಗೆ ಗೊತ್ತು. ಇಲ್ಲಿಯೂ ಅದೇ, ಭಾರವೆಲ್ಲ ಮೇಲೆ. ಹಾಗೆಂದು ತಳಕ್ಕೆ ಇನ್ನಷ್ಟು ಕಲ್ಲು ತುಂಬಿದರೆ ಕೆಳಸಾಲಿನ ತೋಪುಕಿಂಡಿಗಳು ನೀರಿಗೆ ತೀರಾ ಹತ್ತಿರ ಬರುತ್ತಿದ್ದವು. ಪರಿಹಾರವೆಂದರೆ ಹಡಗನ್ನೇ ಬಿಚ್ಚಿ ಬೇರೆ ಕಟ್ಟುವುದು. ಅದನ್ನು ದೊರೆಗೆ ಬರೆಯಲು ಫ್ಲೆಮಿಂಗ್‌ಗೆ ಬಾಯಿ ಬರಲಿಲ್ಲ.

ಆಗಸ್ಟ್ 10ರಂದು ವಾಸಾ ಹೊರಟು ಸುಮಾರು 1300 ಮೀಟರ್ ಸಾಗಿತ್ತು ಅಷ್ಟೇ. ಗಾಳಿಗೆ ವಾಲಿ, ತೆರೆದಿಟ್ಟ ಕಿಂಡಿಗಳಿಂದ ನೀರು ನುಗ್ಗಿ, ಊರಜನ ದಡದಲ್ಲಿ ನೋಡುತ್ತಿದ್ದಂತೆಯೇ ಮುಳುಗಿತು. ಸುಮಾರು 30 ಮಂದಿ ಸತ್ತರು. ಫ್ಲೆಮಿಂಗ್ ನಿರಪರಾಧಿ ಎಂದು ನಾನು ಹೇಳಲಾರೆ. ತಡೆಯುವ ಸ್ಥಾನದಲ್ಲಿದ್ದವನು ಅವನು. ಆದರೆ ಅವನ ಇಡೀ ಬದುಕನ್ನು ಆ ಒಂದು ದಿನಕ್ಕೆ ಕಟ್ಟಿಹಾಕುವುದು ಅನ್ಯಾಯವೇ.

ಯಾಕೆಂದರೆ ಆ ಕಾಲದ ಸ್ವೀಡಿಷ್ ನೌಕಾಪಡೆಯನ್ನು ದಿನನಿತ್ಯ ನಡೆಸುತ್ತಿದ್ದ ಕೈ ಅವನದು. ಮೇಲಿನ ಪಟ್ಟ ಕಾರ್ಲ್ ಯಿಲೆನ್‌ಹಿಯೆಲ್ಮ್‌ನದು. ಅವನು ಹಿಂದಿನ ದೊರೆಗೆ ವಿವಾಹದ ಹೊರಗೆ ಹುಟ್ಟಿದ ಮಗ, ಪೋಲೆಂಡಿನ ಸೆರೆಯಲ್ಲಿ ಹನ್ನೆರಡು ವರ್ಷ ಕಳೆದು ಬಂದವನು. ಮರ, ಹಗ್ಗ, ಕಬ್ಬಿಣ, ತೋಪು, ನಾವಿಕರ ನೇಮಕ, ಇವೆಲ್ಲ ಫ್ಲೆಮಿಂಗ್ ತಲೆಗೆ. ವಾಸಾ ಮುಳುಗಿ ಎರಡೇ ವರ್ಷಕ್ಕೆ, 1630ರಲ್ಲಿ, ಸುಮಾರು 13,000 ಸೈನಿಕರನ್ನು ಬಾಲ್ಟಿಕ್ ದಾಟಿಸಿ ಜರ್ಮನಿಯ ಕರಾವಳಿಗೆ ಇಳಿಸಿದ್ದು ಇದೇ ನೌಕಾಪಡೆ. 1634ರಲ್ಲಿ ಅವನು ಸ್ಟಾಕ್‌ಹೋಮಿನ ಮುಖ್ಯ ಗವರ್ನರೂ ಆದ. ಹಳೇ ಊರಿನ ಉತ್ತರಕ್ಕೂ ದಕ್ಷಿಣಕ್ಕೂ ನೀವು ಓಡಾಡಿದ ನೇರ ಬೀದಿಗಳ ಯೋಜನೆ ಅವನ ಕಾಲದ್ದು. ಇನ್ನೊಂದು ಕೆಲಸ ಅಮೆರಿಕದಲ್ಲಿದೆ: ಅವನು ಮುಂದೆ ನಿಂತು ನಡೆಸಿದ ಕಂಪನಿಯ ಎರಡು ಹಡಗು, ಕಲ್ಮರ್ ನಿಕೆಲ್ ಮತ್ತು ಫೋಗೆಲ್ ಗ್ರಿಪ್, 1638ರಲ್ಲಿ ಡೆಲವೇರ್ ನದಿಗೆ ತಲುಪಿ ಹೊಸ ಸ್ವೀಡನ್ ವಸಾಹತು ಹೂಡಿದವು. ಇಂದಿನ ವಿಲ್ಮಿಂಗ್ಟನ್ ಇರುವುದು ಅಲ್ಲೇ.

ಇನ್ನು ಕೊನೆಯ ಅಂಕ. 1643ರ ಕೊನೆಗೆ ಸ್ವೀಡನ್ ಯುದ್ಧ ಸಾರದೆಯೇ ಡೆನ್ಮಾರ್ಕಿನ ಮೇಲೆ ಏರಿಹೋಯಿತು. ಸ್ವೀಡನ್ನಿನ ದಂಡನಾಯಕ ಟೋರ್ಸ್ಟೆನ್ಸನ್ ಡೆನ್ಮಾರ್ಕಿನ ಮುಖ್ಯ ಭೂಭಾಗವಾದ ಜಟ್‌ಲ್ಯಾಂಡ್ ಹಿಡಿದ. ಅವನ ಸೈನ್ಯವನ್ನು ಡೇನಿಷ್ ದ್ವೀಪಗಳಿಗೆ ದಾಟಿಸುವ ಹೊಣೆ ಫ್ಲೆಮಿಂಗ್‌ದು. 1644ರ ಜುಲೈ 1ರಂದು ಕೋಲ್ಬರ್ಗರ್ ಹೈಡೆ ಎಂಬಲ್ಲಿ ಎರಡೂ ಕಡೆ ತಲಾ ಸುಮಾರು 40 ಹಡಗುಗಳು ಎದುರಾದವು. ಡೆನ್ಮಾರ್ಕಿನ ದೊರೆ ನಾಲ್ಕನೇ ಕ್ರಿಶ್ಚಿಯನ್, 67ರ ಮುದುಕ, ತಾನೇ ಡೆಕ್ ಮೇಲೆ ನಿಂತು ಕಾದಾಡಿ ಬಲಗಣ್ಣು ಕಳೆದುಕೊಂಡ. ಗೆಲುವು ಯಾರದೂ ಅಲ್ಲ. ಆದರೂ ಡೇನರು ಆ ದಿನವನ್ನು ತಮ್ಮ ರಾಜಗೀತೆಯಲ್ಲೇ ಹಾಡುತ್ತಾರೆ, ಎದುರಿಗಿದ್ದ ಅಡ್ಮಿರಲ್ ಯಾರೆಂದು ಈಗ ಎಷ್ಟು ಜನಕ್ಕೆ ಗೊತ್ತೋ.

ಕಾಳಗದ ನಂತರ ಫ್ಲೆಮಿಂಗ್ ಉತ್ತರ ಜರ್ಮನಿಯ ಕೀಲ್ ಹಿನ್ನೀರಿನೊಳಗೆ ಹೋದ. ಡೇನರು ಅದರ ಬಾಯಿಯನ್ನು ಅಡ್ಡಗಟ್ಟಿದರು. ಗಾಳಿಯೂ ಎದುರು. ದಿನಗಳು ಕಳೆದವು, ದಡದ ಮೇಲೆ ಡೇನರ ತೋಪುಗಳು ಬಂದು ಕೂತವು. ಜುಲೈ 26ರಂದು ಅವನು ತನ್ನ ಹಡಗು ಸೆಪ್ಟರ್‌ನ ಕೋಣೆಯಲ್ಲಿ ಮುಖ ತೊಳೆಯುತ್ತಿದ್ದಾಗ ದಡದಿಂದ ಬಂದ ಗುಂಡು ತಗುಲಿತು. ಸಾಯುವ ಮುನ್ನ ನಾಯಕತ್ವವನ್ನು ಕಾರ್ಲ್ ಗುಸ್ತಾವ್ ವ್ರಾಂಗೆಲ್‌ಗೆ ಒಪ್ಪಿಸಿದ. ವಯಸ್ಸು 30, ಅದೂ ಭೂಸೇನೆಯ ಅಧಿಕಾರಿ! ಕೆಲವೇ ದಿನಗಳಲ್ಲಿ ಗಾಳಿ ತಿರುಗಿತು, ವ್ರಾಂಗೆಲ್ ರಾತ್ರೋರಾತ್ರಿ ಪಡೆಯನ್ನು ಹೊರಗೆ ತಂದ. ಆ ಅಕ್ಟೋಬರಿನಲ್ಲಿ ಫೆಮಾರ್ನ್ ಬಳಿ ಡೇನಿಷ್ ಪಡೆಯನ್ನೇ ಮುರಿದ. 1645ರ ಬ್ರೋಮ್ಸೆಬ್ರೋ ಒಪ್ಪಂದದಲ್ಲಿ ಗಾಟ್‌ಲ್ಯಾಂಡ್ ದ್ವೀಪ ಸ್ವೀಡನ್ನಿಗೆ ಬಂತು, ಫ್ಲೆಮಿಂಗ್ ಅದನ್ನು ನೋಡಲಿಲ್ಲ.

ನೀವು ಶಿಕ್ಷೆಯ ಬಗ್ಗೆ ಕೇಳಿದ್ದರಿಂದ ಇದನ್ನೂ ಹೇಳಬೇಕು. ಕೀಲ್‌ನಲ್ಲಿ ಸ್ವೀಡಿಷರನ್ನು ತಪ್ಪಿಸಿಕೊಳ್ಳಲು ಬಿಟ್ಟ ಡೇನಿಷ್ ಅಡ್ಮಿರಲ್ ಪೀಟರ್ ಗಾಲ್ಟ್‌ನನ್ನು ಕ್ರಿಶ್ಚಿಯನ್ ದೊರೆ ಅದೇ ವರ್ಷ ಕೋಪನ್‌ಹೇಗನ್ನಿನಲ್ಲಿ ಮರಣದಂಡನೆಗೆ ಗುರಿಪಡಿಸಿದ. ಗಾಳಿ ಅನುಕೂಲವಾಗದೆ ಹೋದದ್ದಕ್ಕೆ ಒಬ್ಬನ ತಲೆ ಹೋಯಿತು, ವಾಸಾಕ್ಕೆ ಯಾರ ಕೂದಲೂ ಕೊಂಕಲಿಲ್ಲ.

ಪ್ರಶ್ನೆ: ಇದೇ ಕೋಲ್ಬರ್ಗರ್ ಹೈಡೆ ಕಾಳಗಕ್ಕೆ ಒಂದು ಕಡೆ ಜುಲೈ 1, ಇನ್ನೊಂದು ಕಡೆ ಜುಲೈ 11 ಎಂದು ಓದಿದೆ. ಯಾವುದು ಸರಿ? ಈ ದೊರೆಗಳಿಗೆ ಭಾರತದ ನಂಟೇನಾದರೂ ಇತ್ತೆ?
– ಇತಿಹಾಸ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಎರಡೂ ಸರಿ. ಸ್ವೀಡನ್, ಡೆನ್ಮಾರ್ಕ್ ಎರಡೂ ಆಗ ಹಳೆಯ ಜೂಲಿಯನ್ ಪಂಚಾಂಗದಲ್ಲಿದ್ದವು. ಅದು ಗ್ರೆಗೋರಿಯನ್ ಲೆಕ್ಕಕ್ಕಿಂತ ಹತ್ತು ದಿನ ಹಿಂದೆ. ಮೇಲಿನ ಉತ್ತರದಲ್ಲಿ ನಾನು ಕೊಟ್ಟಿರುವ ದಿನಗಳೆಲ್ಲ ಹಳೆಯ ಲೆಕ್ಕದವು.

ನಂಟು ಸ್ವೀಡನ್ ಕಡೆಗಲ್ಲ, ಆ ಒಕ್ಕಣ್ಣ ಕ್ರಿಶ್ಚಿಯನ್ ಕಡೆಗಿದೆ. ಅವನ ಕಾಲದಲ್ಲೇ, 1620ರಲ್ಲಿ, ತಂಜಾವೂರಿನ ರಘುನಾಥ ನಾಯಕನೊಡನೆ ಒಪ್ಪಂದವಾಗಿ ತರಂಗಂಬಾಡಿಯಲ್ಲಿ ಡೇನರ ಕೋಟೆ ಎದ್ದಿತು. ಆ ಯಾನದ ಮುಂದಾಳು ಓವೆ ಗೆಡ್ಡೆ 1645ರಲ್ಲಿ ಡೆನ್ಮಾರ್ಕಿನ ಮಹಾ ಅಡ್ಮಿರಲ್ ಆದ. ಕೋಟೆ ಈಗಲೂ ಕಡಲಿಗೆ ಮುಖ ಮಾಡಿ ನಿಂತಿದೆ, ಹೋದರೆ ನೋಡಿ ಬನ್ನಿ.