ಸಂಘದ ವೆಬ್‌ಸೈಟ್ ಅಂಗವಿಕಲರಿಗೂ ಬಳಕೆಗೆ ಬರಬೇಕಾದರೆ ಎಲ್ಲಿಂದ ಶುರು ಮಾಡಬೇಕು?

ಪುಣೆಯ ನಿಮ್ಮ ಕನ್ನಡ ಸಂಘದ ಸೈಟಿಗೆ, ಮೂಲೆಯಲ್ಲಿ ಗಾಲಿಕುರ್ಚಿ ಚಿತ್ರ ತೋರಿಸುವ ವಿಜೆಟ್ ಒಂದನ್ನು ಕೊಂಡು ಹಾಕಿದರೆ ಸಾಕೇ ಅಂತ ಕೇಳಿದ್ದೀರಿ. ಸಾಲದು. ಆ ದುಡ್ಡು ಉಳಿಸಿಕೊಳ್ಳಿ. ಆ ವಿಜೆಟ್ ಮಾಡುವ ಕೆಲಸ, ಅಂದರೆ ಅಕ್ಷರ ದೊಡ್ಡದು ಮಾಡುವುದು, ಓದಿ ಹೇಳುವುದು ಎಲ್ಲ ಅಂಗವಿಕಲರ ಫೋನಿನಲ್ಲೇ ಇರುತ್ತದೆ. ಇಲ್ಲದಿರುವುದು ಓದಲು ಬರುವಂಥ ಪುಟ.

ನಾನು ಮುಂಬಯಿ ಬಳಿಯ ಡೊಂಬಿವಲಿಯವನು. ಇಲ್ಲಿನ ಒಂದು ಸಂಘಕ್ಕೆ ಪುಕ್ಕಟೆ ಸೈಟ್ ಮಾಡಿಕೊಟ್ಟು ಮೂರು ವರ್ಷ ಬೀಗಿದ್ದವನು. ನಮ್ಮಲ್ಲೊಬ್ಬ ಹಿರಿಯರಿದ್ದಾರೆ, ಕುಂದಾಪುರ ಕಡೆಯವರು, ಮಾಟುಂಗಾದ ಹೋಟೆಲೊಂದರ ಗಲ್ಲಾದಲ್ಲಿ ಕೂತು ಆಯುಷ್ಯ ಕಳೆದವರು. ಗ್ಲಾಕೋಮಾದಿಂದ ದೃಷ್ಟಿ ಹೋಗಿದೆ. ಒಂದು ದಿನ, ‘ಯಕ್ಷಗಾನ ಎಷ್ಟು ಗಂಟೆಗೆ ಅಂತ ನಿನ್ನ ಸೈಟ್ ಬಾಯೇ ಬಿಡುವುದಿಲ್ಲ ಮಾರಾಯ’ ಅಂದು ಫೋನನ್ನು ನನ್ನ ಕಿವಿಗೆ ಹಿಡಿದರು. ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್ ‘ಇಮೇಜ್’ ಅಂದು ಒಂದಿಷ್ಟು ಅಂಕಿ ಓದಿ ಸುಮ್ಮನಾಯಿತು. ವಾಟ್ಸಾಪ್‌ನಲ್ಲಿ ಬಂದ ಆಮಂತ್ರಣದ ಚಿತ್ರವನ್ನು ಹಾಗೇ ಅಂಟಿಸಿದ್ದೆ.

ಆದ್ದರಿಂದ ಮೊದಲು ದಿನ, ಸಮಯ, ಸ್ಥಳವನ್ನು ಪುಟದಲ್ಲೇ ಟೈಪ್ ಮಾಡಿ. ಪೋಸ್ಟರ್ ಬೇಕಿದ್ದರೆ ಪಕ್ಕದಲ್ಲಿರಲಿ, ಅದರ ಆಲ್ಟ್ ಪಠ್ಯದಲ್ಲಿ (ಚಿತ್ರದ ಬದಲು ಸ್ಕ್ರೀನ್ ರೀಡರ್ ಓದುವ ಬರಹ) ವಿಷಯ ಬರೆಯಿರಿ.

ಕನ್ನಡ ಸೈಟುಗಳಿಗೆ ಅಂಟಿದ ರೋಗ ಇನ್ನೊಂದಿದೆ, ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇದು ನಿಮಗೆ ಸಿಗುವುದಿಲ್ಲ. ಸಂಘದ ಹಳೆಯ ಸಂಚಿಕೆಗಳ ಪಿಡಿಎಫ್ ಇದ್ದರೆ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ‘ನುಡಿ’, ‘ಬರಹ’ ತಂತ್ರಾಂಶಗಳ, ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪಾಗಿದ್ದರೆ ‘ಕನ್ನಡ’ ಎಂಬ ಪದವೇ ಪೌಂಡ್ ಚಿಹ್ನೆ ಸಮೇತ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಬೀಳುತ್ತದೆ. ಕಣ್ಣಿಗೆ ಮುದ್ದಾದ ಕನ್ನಡ, ಸ್ಕ್ರೀನ್ ರೀಡರ್‌ಗೆ ಬರೀ ಕಸ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುವುದರಿಂದ ಒಬ್ಬರು ಕೂತು ತಿದ್ದಲೇಬೇಕು. ನಮಗೆ ಎರಡು ತಿಂಗಳು ಹಿಡಿಯಿತು.

ಜತೆಗೆ ಪುಟದ ಕೋಡ್‌ನಲ್ಲಿ ಭಾಷೆ ಯಾವುದೆಂದು ನೋಡಿ. ಸಿದ್ಧ ಟೆಂಪ್ಲೇಟುಗಳಲ್ಲಿ ಸಾಮಾನ್ಯವಾಗಿ ‘ಇಎನ್’ (en) ಇರುತ್ತದೆ, ಅದನ್ನು ‘ಕೆಎನ್’ (kn) ಮಾಡಿ. ಇಲ್ಲದಿದ್ದರೆ ಇಂಗ್ಲಿಷ್ ಧ್ವನಿಯೇ ಕನ್ನಡ ಓದಲು ಹೊರಡಬಹುದು.

ಸದಸ್ಯತ್ವದ ಫಾರ್ಮ್‌ನಲ್ಲಿ ‘ಹೆಸರು’, ‘ಊರು’ ಎಂಬುದು ಪೆಟ್ಟಿಗೆಯೊಳಗೆ ಮಸುಕಾಗಿ ಕಂಡರೆ ಸಾಲದು. ಪ್ರತಿ ಪೆಟ್ಟಿಗೆಗೂ ಅದರ ಹೆಸರು ಹೇಳುವ ಲೇಬಲ್ ಅನ್ನು ಕೋಡ್‌ನಲ್ಲೇ ಕಟ್ಟಿರಬೇಕು. ಮೌಸ್ ಬದಿಗಿಟ್ಟು ಬರೀ ಟ್ಯಾಬ್ ಕೀಲಿ ಒತ್ತುತ್ತ ಫಾರ್ಮ್ ಮುಗಿಸಿ ನೋಡಿ. ಕೈ ನಡುಗುವವರು ಹಾಗೇ ಬಳಸುವುದು.

ಇನ್ನು ಬಣ್ಣ. ನಾವು ಕನ್ನಡಿಗರು, ಹಳದಿ-ಕೆಂಪು ಬಿಡುವವರಲ್ಲ! ಆದರೆ ವೆಬ್ ಎಲ್ಲರಿಗೂ ಬಳಕೆಗೆ ಬರಲೆಂದು ಇರುವ ಅಂತರರಾಷ್ಟ್ರೀಯ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಎಎ ಮಟ್ಟಕ್ಕೆ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸ) ಕನಿಷ್ಠ 4.5:1 ಬೇಕು. ಅಪ್ಪಟ ಹಳದಿಯ ಮೇಲೆ ಅಪ್ಪಟ ಕೆಂಪು ಸುಮಾರು 3.7 ಬರುತ್ತದೆ. ದೊಡ್ಡ ಶೀರ್ಷಿಕೆಗೆ 3:1 ಸಾಕಾದ್ದರಿಂದ ಅಲ್ಲಿ ನಡೆಯುತ್ತದೆ, ಸಣ್ಣಕ್ಷರಕ್ಕೆ ಕೆಂಪನ್ನು ಗಾಢ ಮಾಡಿ. ಬಿಳಿಯ ಮೇಲೆ ಹಳದಿ ಮಾತ್ರ ಬೇಡವೇ ಬೇಡ.

ವೀಡಿಯೊಗಳಿಗೆ ಕ್ಯಾಪ್ಷನ್ ಹಾಕಿ, ಕಿವಿ ಕೇಳದವರಿಗಾಗಿ.

ಸಮಿತಿಯಲ್ಲಿ ಯಾರಾದರೂ ‘ಇದೆಲ್ಲ ಯಾರಿಗೆ’ ಅಂದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ ಎಂದು ಹೇಳಿ. ಡಿಜಿಟಲ್ ಸೌಲಭ್ಯ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ತೀರ್ಪಿತ್ತಿದೆ. ನಮ್ಮ ಸಮಿತಿ ಬಗ್ಗಿದ್ದು ಮಾತ್ರ ತೀರ್ಪಿಗಲ್ಲ, ಆ ಹಿರಿಯರು ಸಭೆಯಲ್ಲಿ ಫೋನಿನ ಸದ್ದು ಜೋರು ಮಾಡಿ ಸೈಟ್ ಕೇಳಿಸಿದ ಮೇಲೆ.

ನೀವೂ ಕೇಳಿ. ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ. ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ಟಾಕ್‌ಬ್ಯಾಕ್ ಇದೆ. ಆನ್ ಮಾಡುವ ಮೊದಲು ಆಫ್ ಮಾಡುವುದನ್ನು ಕಲಿಯಿರಿ. ಒಂದು ಬಾರಿ ಮುಟ್ಟಿದರೆ ಓದುತ್ತದಷ್ಟೆ, ತೆರೆಯಲು ಎರಡು ಬಾರಿ ತಟ್ಟಬೇಕು. ಅದು ಗೊತ್ತಿಲ್ಲದೆ ನಾನು ದಾದರ್ ಲೋಕಲ್‌ನಲ್ಲಿ ಆನ್ ಮಾಡಿದ್ದೆ. ಹೆಂಡತಿ ಕಳಿಸಿದ ತರಕಾರಿ ಪಟ್ಟಿಯನ್ನು ಠಾಣೆಯವರೆಗೆ ಇಡೀ ಡಬ್ಬಿ ಕೇಳಿತು.