ವೈಜ್ಞಾನಿಕ ಕಥೆಗಳ ಸಿನಿಮಾಗಳಿಗೆ ವಿಮರ್ಶೆ ಬರೆಯುವವರು ನಾಟಕವನ್ನೂ ನೋಡಬೇಕಾ?

ಖಂಡಿತ ನೋಡಬೇಕು. ತುಮಕೂರಿನಲ್ಲಿದ್ದುಕೊಂಡು ನಾನು ಎರಡರ ಬಗ್ಗೆಯೂ ಬರೆಯುತ್ತೇನೆ. ಸಿನಿಮಾ ನೋಡೋಕೆ ನನಗೆ ಕಲಿಸಿದ್ದು ಜಾಸ್ತಿ ನಾಟಕವೇ.

ರೋಬೋಟ್ ಜಗತ್ತಿಗೆ ಪರಿಚಯವಾಗಿದ್ದೇ ರಂಗದಿಂದ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ‘ಆರ್.ಯು.ಆರ್.’ ನಾಟಕ ಮರುವರ್ಷ ಪ್ರಾಗ್‌ನಲ್ಲಿ ಪ್ರದರ್ಶನವಾಯಿತು. ಆಗ ಗ್ರಾಫಿಕ್ಸ್ ಎಲ್ಲಿತ್ತು? ನಟರ ನಡಿಗೆ, ದನಿ, ಉಡುಪು, ಅಷ್ಟೇ. ಅದಕ್ಕೇ 2002ರ ಕನ್ನಡ ಸಿನಿಮಾ ‘ಹಾಲಿವುಡ್’ನಲ್ಲಿ ಉಪೇಂದ್ರ ರೋಬೋಟ್ ಆದಾಗಲೂ ನಾನು ನೋಡೋದು ಕತ್ತು ಹೇಗೆ ತಿರುಗುತ್ತದೆ, ಮಾತಿನ ನಡುವೆ ಎಷ್ಟು ತಡೆಯುತ್ತಾರೆ ಅನ್ನೋದನ್ನು.

ಬೆರಗು ಹುಟ್ಟಿಸೋದು ನಮ್ಮ ಜಿಲ್ಲೆಗೆ ಹೊಸದೇನಲ್ಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ, ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದಿತ್ತು! ಆನೆ ಬಂದು ಹೋದ ಮೇಲೂ ಜನ ಕೂತು ನೋಡಬೇಕಲ್ವಾ? ದೊಡ್ಡ ಬಜೆಟ್ಟಿನ ಸಿನಿಮಾಗೂ ನಾನು ಇದೇ ಪ್ರಶ್ನೆ ಕೇಳುತ್ತೇನೆ.

ವಿಜ್ಞಾನದ ತಪ್ಪುಗಳ ವಿಷಯ. ನಿರ್ವಾತದಲ್ಲಿ ಸದ್ದು ಹರಡುವುದಿಲ್ಲ, ನಿಜ. ಆದರೆ ಬಾಹ್ಯಾಕಾಶದಲ್ಲಿ ಸ್ಫೋಟ ಕೇಳಿಸಿತು ಅಂತ ಸುಮ್ನೆ ಅಂಕ ಕಳೆಯಬೇಡಿ. ಕಥೆ ತಾನೇ ಹಾಕಿಕೊಂಡ ನಿಯಮವನ್ನು ಮುರಿದರೆ ಮಾತ್ರ ಬಿಡಬೇಡಿ.

ಟಿಪ್ಪಣಿ ಮಾಡಿಕೊಳ್ಳೋಕೆ ಮೊಬೈಲ್ ತೆಗೆಯಬೇಡಿ, ಬೆಳಕು ನಟರ ಕಣ್ಣಿಗೂ ಹೊಡೆಯುತ್ತದೆ. ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಎಡಗೈ ಹೆಬ್ಬೆರಳನ್ನು ಸಾಲಿನ ಗುರುತಿಗೆ ಒತ್ತಿಟ್ಟು ದೊಡ್ಡಕ್ಷರದಲ್ಲಿ ಬರೆಯಿರಿ, ಒಂದರ ಮೇಲೊಂದು ಬೀಳುವುದಿಲ್ಲ. ನಾಟಕವಾದರೆ ಎರಡನೇ ಪ್ರದರ್ಶನಕ್ಕೂ ಹೋಗಿ. ಅದು ಮೊದಲಿನಂತೆ ಇರುವುದಿಲ್ಲ.