ದಂಡ ಕಟ್ಟಿ ಬಂದರೆ ಕೇಸು ಮುಗಿಯಿತೇ?

ಓದುಗರ ಪ್ರಶ್ನೆ, ಕಾನೂನಿನ ಉತ್ತರ

ಕೋರ್ಟಿನಲ್ಲಿ ಶಿಕ್ಷೆಯಾದ ಮೇಲೆ ನೌಕರಿ, ಪಾಸ್‌ಪೋರ್ಟ್, ಮದುವೆಗಳ ಗತಿ ಏನು ಎಂದು ಈ ಸಲ ಹಲವರು ಕೇಳಿದ್ದಾರೆ. ಪತ್ರ ಬರೆದವರಲ್ಲಿ ಹೆಚ್ಚಿನವರ ಕೈಯಲ್ಲಿ ಕೋರ್ಟಿನ ಆದೇಶದ ಪ್ರತಿಯೇ ಇದ್ದಂತಿಲ್ಲ. ‘ಕೇಸು ಮುಗೀತು’ ಎಂದಷ್ಟೇ ಬರೆಯುತ್ತಾರೆ. ಸಾಕ್ಷಿ ಸಾಲದೆ ಬಿಡುಗಡೆ ಆಗಿದ್ದೋ, ರಾಜಿ ಆಗಿದ್ದೋ, ತಪ್ಪೊಪ್ಪಿ ದಂಡ ಕಟ್ಟಿದ್ದೋ, ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿದ್ದೋ ಎಂದು ಕೇಳಿದರೆ ತಡವರಿಸುತ್ತಾರೆ. ಈ ನಾಲ್ಕಕ್ಕೂ ಪರಿಣಾಮ ಬೇರೆ ಬೇರೆ. ಆದೇಶದ ಕೊನೆಯ ಪ್ಯಾರಾ ಓದದೆ ಯಾವ ವಕೀಲರೂ ಸರಿಯಾದ ಸಲಹೆ ಕೊಡಲಾರರು.

*

ಪ್ರಶ್ನೆ: 2019ರ ದೀಪಾವಳಿಯಲ್ಲಿ ಊರ ಹೊರಗೆ ಇಸ್ಪೀಟು ಆಡುತ್ತಿದ್ದಾಗ ಪೊಲೀಸರು ನಮ್ಮ ಐದು ಮಂದಿಯನ್ನು ಹಿಡಿದರು. ಮುಂದೆ ಕೋರ್ಟಿಗೆ ಕರೆದಾಗ ಎಲ್ಲರೂ ಹೋಗಿ ದಂಡ ಕಟ್ಟಿ ಬಂದೆವು. ಈಗ ಕಾನ್‌ಸ್ಟೇಬಲ್ ಹುದ್ದೆಗೆ ಆಯ್ಕೆಯಾಗಿದ್ದೇನೆ. ಕೇಸಿನ ವಿಷಯ ಬರೆದರೆ ಕೆಲಸ ಹೋಗುತ್ತದೆ, ಬರೆಯಬೇಡ ಎಂದು ಗೆಳೆಯರು ಹೇಳುತ್ತಾರೆ. ಏನು ಮಾಡಲಿ?
— ಹೆಸರು ಬೇಡ, ಗದಗ-ಬೆಟಗೇರಿ

ಉತ್ತರ: ಬರೆಯಿರಿ. ಮುಚ್ಚಿಟ್ಟರೆ ಕೆಲಸ ಹೋಗುವ ಸಾಧ್ಯತೆ ಹೆಚ್ಚು, ಹೇಳಿದರೆ ಉಳಿಯುವ ಸಾಧ್ಯತೆ ಹೆಚ್ಚು.

ನ್ಯಾಯಾಧೀಶರು ‘ತಪ್ಪು ಒಪ್ಪಿಕೊಳ್ಳುತ್ತೀರಾ’ ಎಂದು ಕೇಳಿದಾಗ ‘ಹೌದು’ ಎಂದು ದಂಡ ಕಟ್ಟಿದ್ದರೆ ಕಾನೂನಿನ ಲೆಕ್ಕದಲ್ಲಿ ನಿಮ್ಮ ಅಪರಾಧ ಸಾಬೀತಾಗಿದೆ. ದಂಡ 200 ರೂಪಾಯಿ ಇರಲಿ, 2,000 ಇರಲಿ, ಜೈಲಿಗೆ ಹೋಗದೇ ಇರಲಿ, ಅದು ಶಿಕ್ಷೆಯೇ. ಸಾರ್ವಜನಿಕ ಸ್ಥಳದ ಜೂಜಾಟಕ್ಕೆ ಸಾಮಾನ್ಯವಾಗಿ ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 87 ಹಾಕುತ್ತಾರೆ. ಇಂಥ ಕೇಸಿನಲ್ಲಿ ಒಂದೇ ದಿನ ಹತ್ತಾರು ಮಂದಿಯನ್ನು ಸಾಲಾಗಿ ನಿಲ್ಲಿಸಿ ಮುಗಿಸುವುದುಂಟು. ದಂಡದ ರಸೀದಿ ಜೇಬಿಗೆ ಹಾಕಿಕೊಂಡು ಬಂದವರಿಗೆ, ತಾವು ಶಿಕ್ಷೆ ಪಡೆದು ಬಂದಿದ್ದೇವೆ ಎಂಬುದು ಹೊಳೆಯುವುದೇ ಇಲ್ಲ.

ಸರ್ಕಾರಿ ನೇಮಕಾತಿಯ ದೃಢೀಕರಣ ನಮೂನೆಯನ್ನು ನಿಧಾನವಾಗಿ ಓದಿ. ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ, ನಿಮ್ಮ ಮೇಲೆ ಮೊಕದ್ದಮೆ ನಡೆದಿದೆಯೇ, ಮುಚ್ಚಳಿಕೆ ಬರೆದುಕೊಟ್ಟಿದ್ದೀರಾ, ದಂಡ ತೆತ್ತಿದ್ದೀರಾ, ಶಿಕ್ಷೆಯಾಗಿದೆಯೇ ಎಂದು ಒಂದೊಂದನ್ನೂ ಪ್ರತ್ಯೇಕವಾಗಿ ಕೇಳಿರುತ್ತಾರೆ. ‘ನನಗೆ ಜೈಲಾಗಿಲ್ಲವಲ್ಲ’ ಎಂದುಕೊಂಡು ಎಲ್ಲಕ್ಕೂ ‘ಇಲ್ಲ’ ಬರೆಯುವಲ್ಲಿಯೇ ಹುಡುಗರು ಸಿಕ್ಕಿಬೀಳುವುದು. ನಿಮ್ಮ ವೆರಿಫಿಕೇಶನ್ ಬರುವುದು ನಿಮ್ಮದೇ ಠಾಣೆಗೆ. ಕೇಸಿನ ದಾಖಲೆ ಇರುವುದೂ ಅಲ್ಲೇ.

ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಈ ವಿಷಯಕ್ಕೆ ಒಂದು ಚೌಕಟ್ಟು ಹಾಕಿಕೊಟ್ಟಿದೆ. ಅಭ್ಯರ್ಥಿ ಕೊಡುವ ಮಾಹಿತಿ ಸತ್ಯವಾಗಿರಬೇಕು. ಸಣ್ಣ ವಯಸ್ಸಿನ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೆ ನೇಮಕಾತಿ ಪ್ರಾಧಿಕಾರ ಅದನ್ನು ಕ್ಷಮಿಸಬಹುದು, ಕ್ಷಮಿಸಲೇಬೇಕು ಎಂದೇನೂ ಇಲ್ಲ. ಸತ್ಯ ಹೇಳಿದ ಮೇಲೂ ಪೂರ್ವಾಪರ ನೋಡಿ ತೀರ್ಮಾನಿಸುವ ಹಕ್ಕು ಪ್ರಾಧಿಕಾರಕ್ಕೆ ಉಳಿಯುತ್ತದೆ. ಪೊಲೀಸ್ ಇಲಾಖೆಯಂಥ ಕಡೆ ಅಳತೆ ಇನ್ನೂ ಬಿಗಿ. ಹಾಗಾಗಿ ಕೆಲಸ ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಯಾರೂ ಕೊಡಲಾರರು. ಆದರೆ ಬರೀ ದಂಡದ ಸಣ್ಣ ಕೇಸು ನಿಮ್ಮ ಪರ ನಿಲ್ಲುವಂಥದ್ದು. ಹರಿಯಾಣದ ಪವನ್ ಕುಮಾರ್ ಎಂಬ ನಾಲ್ಕನೇ ದರ್ಜೆ ನೌಕರರನ್ನು ಭಾರತೀಯ ದಂಡ ಸಂಹಿತೆ (ಐಪಿಸಿ) ಕಲಂ 294ರಡಿ 20 ರೂಪಾಯಿ ದಂಡ ಕಟ್ಟಿದ್ದಕ್ಕಾಗಿ ಕೆಲಸದಿಂದ ತೆಗೆದಿದ್ದರು. 1996ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ರದ್ದು ಮಾಡಿತು. ತಪ್ಪೊಪ್ಪಿ ಸಣ್ಣ ದಂಡ ಕಟ್ಟಿದ ಮಾತ್ರಕ್ಕೆ ಅದು ‘ನೈತಿಕ ಅಧಃಪತನ’ದ (ನೀಚ, ನಡತೆಗೆಟ್ಟ ಸ್ವಭಾವ ತೋರಿಸುವ) ಅಪರಾಧ ಆಗುವುದಿಲ್ಲ ಎಂದಿತು.

ಈಗ ಮಾಡಬೇಕಾದದ್ದು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ ಹೆಸರು, ವರ್ಷ ಹಾಕಿ ಸಿ.ಸಿ. ನಂಬರ್ (ಕೋರ್ಟಿನ ಕ್ರಿಮಿನಲ್ ಕೇಸಿನ ಸಂಖ್ಯೆ) ಹುಡುಕಿ. ಸಿಗದಿದ್ದರೆ ಠಾಣೆಯಲ್ಲಿ ಅಪರಾಧ ಸಂಖ್ಯೆ ಕೇಳಿಕೊಂಡು ಕೋರ್ಟ್ ಕಚೇರಿಗೆ ಹೋಗಿ. ನಂಬರ್ ಸಿಕ್ಕ ಮೇಲೆ ಆದೇಶದ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಹಳೆಯ ಫೈಲು ರೆಕಾರ್ಡ್ ರೂಮಿಗೆ ಹೋಗಿದ್ದರೆ ತಡವಾಗುತ್ತದೆ, ಆದ್ದರಿಂದ ವೆರಿಫಿಕೇಶನ್ ನೋಟಿಸ್ ಬರುವವರೆಗೆ ಕಾಯಬೇಡಿ. ನಮೂನೆಯಲ್ಲಿ ಹೀಗೆ ಬರೆಯಿರಿ: ‘ಸಿ.ಸಿ. ನಂ. ಇಷ್ಟು, ಇಂಥ ಕೋರ್ಟ್, ಕರ್ನಾಟಕ ಪೊಲೀಸ್ ಕಾಯ್ದೆ ಕಲಂ 87, ಇಂಥ ದಿನಾಂಕದಂದು ತಪ್ಪೊಪ್ಪಿಕೊಂಡು ಇಷ್ಟು ರೂಪಾಯಿ ದಂಡ ಪಾವತಿಸಿದ್ದೇನೆ, ಜೈಲು ಶಿಕ್ಷೆ ಇಲ್ಲ, ನಕಲು ಲಗತ್ತಿಸಿದೆ.’ ಇದಕ್ಕಿಂತ ಒಂದು ಮಾತೂ ಹೆಚ್ಚು ಬೇಡ. ‘ಪೊಲೀಸರು ಸುಮ್ಮನೆ ಹಿಡಿದರು’ ಎಂಬ ವಾದವನ್ನು ಆ ಕಾಗದದಲ್ಲಿ ಹೂಡಬೇಡಿ. ಮೊದಲು ತುಂಬಿದ ಆನ್‌ಲೈನ್ ಅರ್ಜಿಯಲ್ಲಿ ‘ಇಲ್ಲ’ ಎಂದಿದ್ದರೆ, ಪೊಲೀಸ್ ವರದಿ ಮೇಲಕ್ಕೆ ಹೋಗುವ ಮೊದಲೇ ನೇಮಕಾತಿ ಅಧಿಕಾರಿಗೆ ತಿದ್ದುಪಡಿ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ.

ಆದೇಶವನ್ನೇ ತೆಗೆಸಲು ಬರುತ್ತದೆಯೇ ಎಂದು ಮುಂದಿನ ಪ್ರಶ್ನೆ ಬರುತ್ತದೆ. ತಪ್ಪೊಪ್ಪಿದವರು ಶಿಕ್ಷೆ ಹೆಚ್ಚಾಯಿತು ಅಥವಾ ಕಾನೂನುಬಾಹಿರ ಎಂದಷ್ಟೇ ಅಪೀಲು ಹೋಗಬಹುದು. ಉಳಿದ ದಾರಿ, ಆದೇಶವನ್ನು ಮೇಲಿನ ಕೋರ್ಟು ಪರಿಶೀಲಿಸಲಿ ಎಂಬ ರಿವಿಜನ್ ಅರ್ಜಿ, ಅದಕ್ಕೆ 90 ದಿನದ ಗಡುವು. ಆರೋಪಿ ಆಡಿದ ಮಾತನ್ನು ಸಾಧ್ಯವಾದಷ್ಟು ಅವನ ಮಾತಿನಲ್ಲೇ ದಾಖಲಿಸಬೇಕು ಎಂದು ಕಾನೂನು ಹೇಳುತ್ತದೆ. ಐದು ಮಂದಿಗೂ ಒಂದೇ ಸಾಲು ಬರೆದಿದ್ದರೆ ವಾದಕ್ಕೆ ಜಾಗವಿದೆ. ಆದರೆ ಗೆದ್ದರೂ ಕೇಸು ಮತ್ತೆ ವಿಚಾರಣೆಗೆ ಬರಬಹುದು. ಆಗ ನೇಮಕಾತಿಯ ಹೊತ್ತಿಗೆ ನಿಮ್ಮ ಮೇಲೆ ‘ಬಾಕಿ ಇರುವ ಕೇಸು’ ಇದ್ದಂತಾಗುತ್ತದೆ. ಇಷ್ಟು ಸಣ್ಣ ಪ್ರಕರಣಕ್ಕೆ, ವರ್ಷಗಳ ಮೇಲೆ, ಆ ದಾರಿ ಬೇಡ ಎನ್ನುವುದು ನಮ್ಮ ಅಭಿಪ್ರಾಯ.

*

ಪ್ರಶ್ನೆ: ನಮ್ಮ ಹುಡುಗಗ ಹದಿನೇಳು ವರ್ಷ ಇದ್ದಾಗ ಜಾತ್ರ್ಯಾಗ ಹೊಡೆದಾಟ ಆಗಿ ಕೇಸ್ ಆತ್ರಿ. ಬಾಲ ನ್ಯಾಯ ಮಂಡಳಿಯವರು ತಪ್ಪು ಮಾಡ್ಯಾನ ಅಂತ ಹೇಳಿ ಬುದ್ಧಿಮಾತು ಹೇಳಿ ಬಿಟ್ಟರು. ಈಗ ನೌಕರಿಗೆ ಅರ್ಜಿ ಹಾಕ್ಯಾನ. ಅದು ಜೀವನಪೂರ್ತಿ ಬೆನ್ನು ಹತ್ತತೈತೇನ್ರಿ?
— ಒಬ್ಬ ತಾಯಿ, ರೋಣ ತಾಲ್ಲೂಕು

ಉತ್ತರ: ಇಲ್ಲ ತಾಯಿ. ಬಾಲ ನ್ಯಾಯ ಕಾಯ್ದೆ 2015ರ ಕಲಂ 24ರ ಪ್ರಕಾರ, ಆ ವಯಸ್ಸಿನಲ್ಲಿ ತಪ್ಪು ಸಾಬೀತಾಗಿದ್ದರೂ ಅದರಿಂದ ಬರುವ ಯಾವ ಅನರ್ಹತೆಯೂ ಮಗುವಿಗೆ ತಟ್ಟುವುದಿಲ್ಲ. ಅಪೀಲಿನ ಅವಧಿ ಮುಗಿದ ಮೇಲೆ ದಾಖಲೆಗಳನ್ನೇ ನಾಶಪಡಿಸಬೇಕು. ಪ್ರಕರಣ ಮುಗಿದಿದ್ದರೆ ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಅದನ್ನು ಬಯಲು ಮಾಡುವಂತಿಲ್ಲ, ಇದು ಕಲಂ 74. ಹದಿನಾರು ತುಂಬಿದವರನ್ನು ಘೋರ ಅಪರಾಧಕ್ಕಾಗಿ ದೊಡ್ಡವರಂತೆ ವಿಚಾರಣೆ ಮಾಡಿದ ಪ್ರಕರಣಗಳಿಗೆ ಮಾತ್ರ ಈ ರಕ್ಷಣೆ ಇಲ್ಲ. ನಿಮ್ಮ ಮಗನದು ಆ ಸಾಲಿಗೆ ಸೇರುವುದಿಲ್ಲ. ಮಂಡಳಿಯ ಆದೇಶದ ಪ್ರತಿಯೊಂದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಠಾಣೆಯಿಂದ ತಪ್ಪು ವರದಿ ಹೋದರೆ ಅದನ್ನೇ ಮುಂದಿಡಬೇಕಾಗುತ್ತದೆ.

ಇದೇ ಸ್ಥಿತಿಯ ಬೇರೆ ತಂದೆತಾಯಿಗಳಿಗೆ ಇನ್ನೊಂದು ಮಾತು. ಹುಡುಗನಿಗೆ ಹದಿನೆಂಟು ತುಂಬದಿದ್ದರೂ ವಯಸ್ಸು ತಪ್ಪು ಬರೆಸಿ ದೊಡ್ಡವರ ಕೋರ್ಟಿನಲ್ಲೇ ಶಿಕ್ಷೆಯಾಗಿರುತ್ತದೆ. ‘ಆಗ ನಾನು ಅಪ್ರಾಪ್ತ’ ಎಂಬ ಅಹವಾಲನ್ನು ಯಾವ ಹಂತದಲ್ಲಾದರೂ ಎತ್ತಬಹುದು, ಕೇಸು ಪೂರ್ತಿ ಮುಗಿದ ಮೇಲೂ ಎತ್ತಬಹುದು. ಮೊದಲ ಆಧಾರ ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದು ಇಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಎಕ್ಸ್‌ರೇ ಪರೀಕ್ಷೆ.

*

ಪ್ರಶ್ನೆ: ಹುಬ್ಬಳ್ಳಿ ನವನಗರದ ಕಾನೂನು ವಿಶ್ವವಿದ್ಯಾಲಯದಲ್ಲಿ ಎಲ್‌ಎಲ್‌ಬಿ ಮುಗಿಸಿದ್ದೇನೆ. ಹೊಲದ ಒಡ್ಡಿನ ಜಗಳದಲ್ಲಿ ಐಪಿಸಿ ಕಲಂ 324ರಡಿ ದೋಷಿ ಎಂದಾಗಿ, ಪ್ರೊಬೇಷನ್ ಮೇಲೆ (ಜೈಲಿಗೆ ಕಳಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು) ಬಿಟ್ಟಿದ್ದಾರೆ. ವಕೀಲಿಕೆ ಮಾಡಲು ಸನ್ನದು ಸಿಗುತ್ತದೆಯೇ?
— ಓದುಗ, ಹುಬ್ಬಳ್ಳಿ

ಉತ್ತರ: ಶಿಕ್ಷೆಯ ಕಾರಣ ಮುಂದಿಟ್ಟು ನಿಮ್ಮ ನೋಂದಣಿ ತಡೆಯಲು ಬರುವುದಿಲ್ಲ. ವಕೀಲರ ಕಾಯ್ದೆ 1961ರ ಕಲಂ 24ಎ, ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆಯಾದವರನ್ನು ಬಿಡುಗಡೆಯ ನಂತರ ಎರಡು ವರ್ಷದವರೆಗೆ ದೂರ ಇಡುತ್ತದೆ. ಅದೇ ಕಲಮಿನ ಎರಡನೇ ಉಪಕಲಂ, ಪ್ರೊಬೇಷನ್ ಕಾಯ್ದೆಯಡಿ ಬಿಟ್ಟವರಿಗೆ ಈ ಅನರ್ಹತೆ ಅನ್ವಯಿಸುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ನೋಂದಣಿ ಅರ್ಜಿಯಲ್ಲಿ ಆದೇಶವನ್ನು ತಿಳಿಸಿ, ನಕಲು ಲಗತ್ತಿಸಿ. ಮುಚ್ಚಳಿಕೆಯ ಅವಧಿ ಮುಗಿಯುವವರೆಗೆ ಎಚ್ಚರ ಇರಲಿ: ಷರತ್ತು ಮುರಿದು ಮೂಲ ಅಪರಾಧಕ್ಕೇ ಶಿಕ್ಷೆ ಬಿದ್ದರೆ ಪ್ರೊಬೇಷನ್ ಕಾಯ್ದೆಯ ರಕ್ಷಣೆ ಹೋಗುತ್ತದೆ.

ಪ್ರೊಬೇಷನ್ ಕಾಯ್ದೆ 1958ರ ಬಗ್ಗೆ ಇನ್ನಷ್ಟು ಹೇಳಲೇಬೇಕು, ಏಕೆಂದರೆ ಕೇಳದೆ ಕಳೆದುಕೊಳ್ಳುವವರೇ ಹೆಚ್ಚು. ದೋಷಿ ಎಂದು ಹೇಳಿ ಶಿಕ್ಷೆಯ ಬಗ್ಗೆ ಕೇಳುವ ಹೊತ್ತಿನಲ್ಲಿ ವಕೀಲರು ಇದನ್ನು ಎತ್ತಬೇಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇಲ್ಲದ ಅಪರಾಧಗಳಲ್ಲಿ ಮೂರು ವರ್ಷದವರೆಗಿನ ಸನ್ನಡತೆ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. 21 ವರ್ಷದೊಳಗಿನವರಾದರೆ ಜೈಲು ಶಿಕ್ಷೆ ಕೊಡಲು ಕೋರ್ಟು ಕಾರಣ ಬರೆಯಬೇಕು. ಕೆಳಗಿನ ಕೋರ್ಟಿನಲ್ಲಿ ತಪ್ಪಿದ್ದರೆ ಅಪೀಲಿನಲ್ಲೂ ಕೇಳಬಹುದು. ಶಿಕ್ಷೆಯಿಂದ ಬರುವ ಅನರ್ಹತೆಯನ್ನು ಕಲಂ 12 ತೆಗೆಯುತ್ತದೆ, ಆದರೆ ದೋಷ ಸಾಬೀತಾದ ಸಂಗತಿ ಅಳಿಯುವುದಿಲ್ಲ. ಸರ್ಕಾರಿ ನೌಕರರಾದರೆ ನಡತೆಯ ಮೇಲೆ ಇಲಾಖೆ ಕ್ರಮ ಜರುಗಿಸಲು ಅದು ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ.

*

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ಚೆಕ್ ಬೌನ್ಸ್ ಕೇಸಿನಲ್ಲಿ ನನಗೆ ಶಿಕ್ಷೆಯಾಯಿತು. ಮುಂದೆ ಹಿರಿಯರನ್ನು ಕೂರಿಸಿ ರೊಕ್ಕ ಮುಟ್ಟಿಸಿ ನೂರು ರೂಪಾಯಿ ಬಾಂಡ್ ಮೇಲೆ ಬರೆಸಿಕೊಂಡೆ. ಈಗ ವಾರಂಟ್ ಬಂದಿದೆ. ಹೇಗೆ?
— ವ್ಯಾಪಾರಿ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಬಾಂಡ್ ವಿಷಯ ಕೋರ್ಟಿಗೆ ಗೊತ್ತೇ ಇಲ್ಲ. ರೊಕ್ಕ ಕೊಟ್ಟಿದ್ದು ನಿಜವಾದರೂ ಶಿಕ್ಷೆಯ ಆದೇಶ ಹಾಗೆಯೇ ಜೀವಂತ ಇದೆ. ಕೂಡಲೇ ಹಾವೇರಿ ಸೆಷನ್ಸ್ ಕೋರ್ಟಿನಲ್ಲಿ ಅಪೀಲು ಹಾಕಿ. 30 ದಿನ ದಾಟಿದ್ದರೆ ವಿಳಂಬ ಮನ್ನಿಸುವ ಅರ್ಜಿಯನ್ನು ಪ್ರಮಾಣಪತ್ರದೊಡನೆ ಸೇರಿಸಿ, ಶಿಕ್ಷೆ ಅಮಾನತಿನ ಅರ್ಜಿಯನ್ನೂ ಜೊತೆಗಿಡಿ. ಅಪೀಲಿನಲ್ಲಿ ದಂಡ ಅಥವಾ ಪರಿಹಾರ ಮೊತ್ತದ ಕನಿಷ್ಠ 20 ಶೇಕಡಾ ಠೇವಣಿ ಇಡಿಸಲು ಚೆಕ್ ಕೇಸಿನ ಕಾನೂನಾದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 148 ಅವಕಾಶ ಕೊಟ್ಟಿದೆ. ರೊಕ್ಕ ಮುಟ್ಟಿದೆ ಎಂದು ಎದುರಿನವರೇ ಬಂದು ಹೇಳಿದರೆ ಇದರಿಂದ ವಿನಾಯಿತಿ ಕೇಳಬಹುದು. ಬಳಿಕ ಇಬ್ಬರೂ ಸಹಿ ಮಾಡಿದ ರಾಜಿ ಮೆಮೊ ಸಲ್ಲಿಸಿ. ಚೆಕ್ ಕೇಸು ಯಾವ ಹಂತದಲ್ಲಾದರೂ ರಾಜಿಯಾಗಬಹುದು. ತಡವಾಗಿ ರಾಜಿಯಾದರೆ ಚೆಕ್ ಮೊತ್ತದ ಇಂತಿಷ್ಟು ಭಾಗವನ್ನು ಕಾನೂನು ಸೇವಾ ಪ್ರಾಧಿಕಾರಕ್ಕೆ ಕಟ್ಟಿಸುತ್ತಾರೆ, ಅದಕ್ಕೆ ಸಿದ್ಧರಿರಿ. ಕೋರ್ಟು ರಾಜಿ ಒಪ್ಪಿದರೆ ಅದರ ಪರಿಣಾಮ ಬಿಡುಗಡೆಯದೇ, ಶಿಕ್ಷೆ ರದ್ದಾಗುತ್ತದೆ. ಎದುರಿನವರು ಖುದ್ದು ಬರಬೇಕಾಗುತ್ತದೆ, ಹಾಗಾಗಿ ಅವರೊಂದಿಗೆ ಮನಸ್ತಾಪ ಮಾಡಿಕೊಳ್ಳಬೇಡಿ.

*

ಪ್ರಶ್ನೆ: ಲಾರಿ ಚಾಲಕ. ಅಪಘಾತದಲ್ಲಿ ಒಬ್ಬರು ತೀರಿಕೊಂಡು ಐಪಿಸಿ ಕಲಂ 304ಎ ಅಡಿ ಆರು ತಿಂಗಳ ಶಿಕ್ಷೆಯಾಗಿದೆ, ಅಪೀಲು ನಡೆದಿದೆ. ದುಬೈಗೆ ಹೋಗಲು ಪಾಸ್‌ಪೋರ್ಟ್ ಸಿಗುತ್ತದೆಯೇ?
— ಹಳೇ ಹುಬ್ಬಳ್ಳಿ

ಉತ್ತರ: ಶಿಕ್ಷೆಯ ಕಾರಣಕ್ಕೆ ನಿರಾಕರಿಸಲು ಎರಡು ಸಂಗತಿ ಕೂಡಬೇಕು: ಅರ್ಜಿಗೆ ಹಿಂದಿನ ಐದು ವರ್ಷದೊಳಗೆ ನೈತಿಕ ಅಧಃಪತನದ ಅಪರಾಧದಲ್ಲಿ ದೋಷಿ ಆಗಿರಬೇಕು, ಶಿಕ್ಷೆ ಕನಿಷ್ಠ ಎರಡು ವರ್ಷದ್ದಾಗಿರಬೇಕು. ನಿಮ್ಮದು ಆರು ತಿಂಗಳು. ಅಪೀಲು ಬಾಕಿ ಇರುವುದೂ ತಡೆಯಲ್ಲ, ‘ಬಾಕಿ ಕೇಸು’ ಎಂಬ ಕಾರಣ ವಿಚಾರಣೆ ಎದುರಿಸುತ್ತಿರುವವರಿಗೆ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಆದರೆ ಅರ್ಜಿಯಲ್ಲಿ ಶಿಕ್ಷೆಯನ್ನು ಮರೆಮಾಚಿದರೆ ಅದೇ ಹೊಸ ಅಪರಾಧ, ಎರಡು ವರ್ಷದವರೆಗೆ ಜೈಲು ಇದೆ. ಶಿಕ್ಷೆ ಅಮಾನತು ಮಾಡಿದ ಆದೇಶದಲ್ಲಿ ‘ಅನುಮತಿ ಇಲ್ಲದೆ ದೇಶ ಬಿಡಬಾರದು’ ಎಂಬ ಷರತ್ತು ಇದೆಯೇ ನೋಡಿ; ಇದ್ದರೆ ಮೊದಲು ಕೋರ್ಟಿನ ಅನುಮತಿ. ಪಾಸ್‌ಪೋರ್ಟ್ ಬೇರೆ, ವೀಸಾ ಬೇರೆ. ಆ ದೇಶ ಕೇಳುವ ಪೊಲೀಸ್ ಕ್ಲಿಯರೆನ್ಸ್‌ನಲ್ಲಿ ಕೇಸಿನ ವಿವರ ಬರಬಹುದು. ಏಜೆಂಟರಿಗೆ ರೊಕ್ಕ ಕೊಡುವ ಮೊದಲು ಇದನ್ನು ಬಗೆಹರಿಸಿಕೊಳ್ಳಿ. ಅಪೀಲಿನಲ್ಲಿ ಪ್ರೊಬೇಷನ್ ಮೇಲೆ ಭಾರ ಹಾಕಬೇಡಿ. ಅಜಾಗರೂಕ ಚಾಲನೆಯ ಸಾವಿನ ಪ್ರಕರಣದಲ್ಲಿ ಅದನ್ನು ಕೊಡಬಾರದು ಎಂಬುದು 2000ದ ದಲ್ಬೀರ್ ಸಿಂಗ್ ತೀರ್ಪಿನ ನಿಲುವು.

*

ಪ್ರಶ್ನೆ: ಅಣ್ಣ ಹೊಡೆದಾಟದ ಕೇಸಿನಲ್ಲಿ ಮೂರು ವರ್ಷ ಜೈಲಿನಲ್ಲಿದ್ದು ಬಂದಿದ್ದಾನೆ. ಮತದಾನದ ಹಕ್ಕು, ರೇಷನ್ ಕಾರ್ಡು ಹೋಗುತ್ತವೆಯೇ? ಹೆಣ್ಣು ನೋಡುತ್ತಿದ್ದೇವೆ, ಕೇಸಿನ ವಿಷಯ ಹೇಳಲೇಬೇಕೇ? ಮನೆಯಲ್ಲಿ ಎಲ್ಲರೂ ಬೇಡ ಅನ್ನುತ್ತಾರೆ.
— ತಂಗಿ, ಧಾರವಾಡ

ಉತ್ತರ: ಜೈಲಿನಲ್ಲಿ ಇರುವಾಗ ಮಾತ್ರ ಮತ ಹಾಕುವಂತಿಲ್ಲ. ಹೊರಬಂದ ಮೇಲೆ ಹಕ್ಕು ಇದ್ದೇ ಇದೆ, ಪಟ್ಟಿಯಲ್ಲಿ ಹೆಸರು ಉಳಿದಿದೆಯೇ ನೋಡಿಕೊಳ್ಳಿ. ರೇಷನ್ ಕಾರ್ಡು, ಆಧಾರ್, ಬ್ಯಾಂಕ್ ಖಾತೆ, ಪಿತ್ರಾರ್ಜಿತ ಆಸ್ತಿಯ ಪಾಲು ಯಾವುದಕ್ಕೂ ಧಕ್ಕೆ ಇಲ್ಲ. (ಯಾರ ಕೊಲೆ ಮಾಡಿದನೋ ಅವರ ಆಸ್ತಿಗೆ ವಾರಸುದಾರ ಆಗುವಂತಿಲ್ಲ, ಅಷ್ಟೇ.) ವಿಧಾನಸಭೆ, ಲೋಕಸಭೆ ಚುನಾವಣೆಗೆ ನಿಲ್ಲುವುದಾದರೆ, ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಗೆ ಬಿಡುಗಡೆಯಾದ ದಿನದಿಂದ ಆರು ವರ್ಷ ಅನರ್ಹತೆ. ಗ್ರಾಮ ಪಂಚಾಯಿತಿಗೆ ಪಂಚಾಯತ್ ರಾಜ್ ಕಾಯ್ದೆಯದೇ ಬೇರೆ ನಿಯಮ ಇದೆ, ನಾಮಪತ್ರಕ್ಕೆ ಮೊದಲು ಅದನ್ನು ವಕೀಲರಲ್ಲಿ ಓದಿಸಿ.

ಮದುವೆಯ ವಿಷಯದಲ್ಲಿ ನೀವು ಕೇಳಿದ್ದೇ ಸರಿ, ಮನೆಯವರು ಹೇಳುತ್ತಿರುವುದು ತಪ್ಪು. ವರನ ಬಗ್ಗೆ ಮುಖ್ಯ ಸಂಗತಿಯನ್ನು ವಂಚನೆಯಿಂದ ಮುಚ್ಚಿಟ್ಟು ಒಪ್ಪಿಗೆ ಪಡೆದಿದ್ದರೆ, ಗೊತ್ತಾದ ಒಂದು ವರ್ಷದೊಳಗೆ ಮದುವೆ ರದ್ದು ಮಾಡಿಸಲು ಹಿಂದೂ ವಿವಾಹ ಕಾಯ್ದೆಯ ಕಲಂ 12ರಲ್ಲಿ ಹುಡುಗಿಗೆ ದಾರಿ ಇದೆ. ಮೂರು ವರ್ಷ ಜೈಲಿನಲ್ಲಿದ್ದುದನ್ನು ಸಣ್ಣ ಸಂಗತಿ ಎಂದು ವಾದಿಸುವುದು ಕಷ್ಟ. ಹುಡುಗನ ಹೆಸರು, ಊರು ಗೊತ್ತಿದ್ದವರು ಈಗ ಮೊಬೈಲಿನಲ್ಲೇ ಕೇಸು ಹುಡುಕುತ್ತಾರೆ. ಮಧ್ಯಸ್ಥರ ಬಾಯಲ್ಲಿ ಹೇಳಿಸಬೇಡಿ, ಅವರು ಅರ್ಧ ಹೇಳಿ ಅರ್ಧ ನುಂಗುತ್ತಾರೆ. ಮಾತುಕತೆ ಮುಂದುವರಿಯುತ್ತದೆ ಅನ್ನಿಸಿದ ಕೂಡಲೇ, ನಿಶ್ಚಯಕ್ಕೆ ಮೊದಲು, ಅಣ್ಣನೇ ಹುಡುಗಿ ಮತ್ತು ಅವಳ ತಂದೆತಾಯಿಯ ಎದುರು ಕೂತು ಹೇಳಲಿ: ಯಾವ ಜಗಳ, ಯಾವ ಕಲಂ, ಎಷ್ಟು ಶಿಕ್ಷೆ, ಯಾವಾಗ ಮುಗಿಯಿತು, ಬೇರೆ ಕೇಸು ಉಳಿದಿದೆಯೇ ಇಲ್ಲವೇ. ತೀರ್ಪಿನ ಪ್ರತಿ ಕೇಳಿದರೆ ಕೊಡಲಿ. ಹುಡುಗಿಗೆ ಯೋಚಿಸಲು ಸಮಯ ಬೇಕು, ಅಂದೇ ಉತ್ತರ ಕೇಳಬೇಡಿ.